ಹಿಕ್ಕೆಯ ಗೊರಬು ಹೊತ್ತ ಹುಳ

ಗೆಣಸಿನ ಎಲೆಯ ಮೇಲೆ ಇಷ್ಟೇ ಇಷ್ಟು ಕಪ್ಪು ಕಸ. ಕಡ್ಡಿಯಲ್ಲಿ ಮುಟ್ಟಿ ನೋಡಿ, ಕಸ ಎದ್ದು ನಿಲ್ಲುತ್ತದೆ! ಅದರಡಿಯಲ್ಲಿ ಒಂದು ಹಸಿರು ಮರಿಹುಳ. ಬೆನ್ನ ಮೇಲೆ ಹೊತ್ತಿರುವುದು ತನ್ನದೇ ಹಿಕ್ಕೆ. ನನಗಂತೂ ಕುಂದಾಪುರದ ಗದ್ದೆಯಲ್ಲಿ ಮಳೆಗೆ ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು, ಬೆನ್ನು ಬಗ್ಗಿಸಿ ನೆಟ್ಟಿ ಮಾಡುವ ಹೆಂಗಸರೇ ಕಣ್ಮುಂದೆ ಬಂದರು.

ಇದು ಆಮೆ ದುಂಬಿಯ ಮರಿ. ಬಾಲದ ತುದಿಯಲ್ಲಿ ಕವೆಯಂಥ ಎರಡು ಮೊನೆಗಳಿವೆ. ಗುದದ್ವಾರ ಕೊಳವೆಯ ಹಾಗೆ ಹೊರಚಾಚಿ ಹಿಕ್ಕೆಯನ್ನು ಆ ಕವೆಯ ಮೇಲೇ ಇಡುತ್ತದೆ. ಪೊರೆ ಕಳಚಿದರೆ ಅದೂ ಅಲ್ಲೇ. ಇರುವೆ ಬಂದ ಕಡೆಗೆ ಗೊರಬು ವಾಲುತ್ತದೆ.

ಬೆಳೆದ ದುಂಬಿಗೆ ಗೊರಬು ಬೇಡ, ಮೈಯೇ ಚಿಪ್ಪು. ಅದಕ್ಕೇ ಲಿನೇಯಸ್ 1758ರಲ್ಲಿ ಇದನ್ನು ಕ್ಯಾಸಿಡಾ ಎಂದು ಕರೆದ, ಅಂದರೆ ಶಿರಸ್ತ್ರಾಣ. ಮುಳ್ಳುಮೈಯ ಇನ್ನೊಂದು ಬಗೆಗೆ ಹಿಸ್ಪಾ ಎಂದ. ಬತ್ತದ ಎಲೆ ಕೆರೆದು ಬಿಳಿ ಗೀರು ಬಿಡುವ ಮುಳ್ಳು ದುಂಬಿ ಆ ಪೈಕಿಯದು. ಅದರ ಮರಿ ಎಲೆಯ ಎರಡು ಪದರಗಳ ನಡುವೆ ಅಡಗಿ ಮೇಯುತ್ತದೆ. 1919ರಲ್ಲಿ ಕೀಟತಜ್ಞ ಮೌಲಿಕ್ ಭಾರತದ ಈ ಎರಡೂ ಗುಂಪುಗಳನ್ನು ಒಂದೇ ಸಂಪುಟದಲ್ಲಿ ವಿವರಿಸಿದರು. ಈಗ ಎರಡೂ ಸೇರಿ ಒಂದೇ ಉಪಕುಟುಂಬ, ಆರು ಸಾವಿರಕ್ಕೂ ಹೆಚ್ಚು ಪ್ರಭೇದ. ಆದರೆ ಗೊರಬಿನ ಜಾಣ್ಮೆ ಆಮೆ ದುಂಬಿಗಳ ಕಡೆಯದೇ.

ಈಗ ಈ ದುಂಬಿಗಳ ಹೆಸರಿನಲ್ಲಿ ನಡೆದ ಒಂದು ಅಕ್ಷರದ ಜಗಳ ಕೇಳಿ. ಗೆಣಸಿನ ಬಳ್ಳಿಗೆ ಬರುವ ಒಂದು ಕುಲಕ್ಕೆ ಕೀಟತಜ್ಞ ಹೋಪ್ 1840ರಲ್ಲಿ ಆಸ್ಪಿಡಿಮಾರ್ಫ ಎಂದು ಹೆಸರಿಟ್ಟ. ಆಮೇಲಿನವರು ‘ಡಿ’ ತಿದ್ದಿ ‘ಡೊ’ ಮಾಡಿದರು. ಎಷ್ಟೋ ಪುಸ್ತಕಗಳಲ್ಲಿ ಇಂದಿಗೂ ‘ಡೊ’ ಇದೆ. ಇಟ್ಟವರು ಬರೆದ ಅಕ್ಷರವೇ ಉಳಿಯಬೇಕೆಂಬುದು ಪ್ರಾಣಿಗಳ ನಾಮಕರಣದ ನಿಯಮ, ಹಾಗಾಗಿ ಗೆದ್ದದ್ದು ‘ಡಿ’. ನನ್ನ ಮತವೂ ಹೋಪ್‌ಗೇ.

ಹೆಸರಿನ ಅಕ್ಷರವೇನೋ ಉಳಿಯಿತು, ಉಳಿಯದ್ದು ಇನ್ನೊಂದಿದೆ. ಕೆಲವು ಆಮೆ ದುಂಬಿಗಳು ಬದುಕಿದ್ದಾಗ ಅಪ್ಪಟ ಚಿನ್ನ. ಆ ಹೊಳಪು ಚಿಪ್ಪಿನ ಪದರಗಳ ತೇವದ್ದು. ಸತ್ತು ಒಣಗಿದರೆ ಚಿನ್ನ ಹೋಗಿ ಮಂಕು ಹಳದಿ ಉಳಿಯುತ್ತದೆ. ಸೂಜಿ ಚುಚ್ಚಿಟ್ಟ ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಅದನ್ನು ಕಾಣಲಾಗದು, ಹಿತ್ತಲಿನಲ್ಲಿ ಕಾಣಬಹುದು.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಿತ್ತಲಲ್ಲಿ ಗೆಣಸಿನ ಬಳ್ಳಿ ಇರುವವರಿಗೆಲ್ಲ ಒಂದೇ ಮಾತು: ಎಲೆಯಲ್ಲಿ ತೂತು ಕಂಡ ತಕ್ಷಣ ಔಷಧಿ ಹೊಡೆಯಬೇಡಿ. ಮೊದಲು ಆ ಎಲೆ ಮಗುಚಿ ಕಾಣಿ. ಗೊರಬು ಹೊತ್ತವರು ಅಲ್ಲೇ ಇರುತ್ತಾರೆ.