ಬೆಳುದಿಂಗಳ ಬಾಕಿ
(ಬಾನುಲಿ ಭಾಷಣ)

ಕಾಳಿದಾಸನ ರಘು ಮಹಾರಾಜನು ದಿಗ್ವಿಜಯಕ್ಕೆ ಹೊರಡುವುದು ಶರತ್ಕಾಲದಲ್ಲಿ. ಮಳೆ ಹಿಂದೆಗೆದಿರುತ್ತದೆ, ದಾರಿಯ ಕೆಸರು ಆರಿರುತ್ತದೆ, ಹೊಳೆಗಳು ದಾಟುವಷ್ಟು ಇಳಿದಿರುತ್ತವೆ. ನಾನು ರಾಜನಲ್ಲ, ಅರುವತ್ತೈದು ದಾಟಿದ, ನಿವೃತ್ತನಾದ ಒಬ್ಬ ಕನ್ನಡ ಅಧ್ಯಾಪಕ. ಆದರೂ ಈಚಿನ ಒಂದು ಶೀಗಿ ಹುಣ್ಣಿಮೆಯ ಬೆಳಿಗ್ಗೆ ನಾನೂ ಧಾರವಾಡದಿಂದ ಪಡುವಣ ದಿಕ್ಕಿಗೆ ದಂಡೆತ್ತಿ ಹೊರಟೆ. ನನ್ನ ಚತುರಂಗ ಬಲವೆಂದರೆ ಒಂದು ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲು, ಒಂದು ಹಾಸಿಗೆಯ ಸುರುಳಿ, ಒಂದು ಬ್ಯಾಟರಿ, ಮನೆಯಾಕೆ ಕಟ್ಟಿಕೊಟ್ಟ ಬುತ್ತಿ.

ಹೊರಡುವ ಮುನ್ನ ಮನೆಯಲ್ಲಿ ಸಣ್ಣದೊಂದು ಯುದ್ಧವೇ ಆಯಿತೆನ್ನಬೇಕು. ಬೆಂಗಳೂರಿನಿಂದ ಮಗ ಫೋನು ಮಾಡಿ, "ಅಪ್ಪಾ, ಈ ವಯಸ್ಸಿನ್ಯಾಗ ಇದೆಂಥಾ ಹುಚ್ಚು? ಕಾರು ಮಾಡಿಕೊಂಡು ಅವ್ವನ್ನೂ ಕರಕೊಂಡು ಹೋಗಬಾರದ?" ಎಂದ. ಅವನ ಅವ್ವ ಮಾತ್ರ, "ಹೋಗಲಿ ಬಿಡೋ, ಅವರಿಗೆ ಏನೋ ಬಾಕಿ ತೀರಸೂದದ ಅಂತ" ಎಂದು ನನ್ನ ಪಕ್ಷ ವಹಿಸಿದಳು. ಆ ಬಾಕಿಯ ವಿಷಯವನ್ನೇ ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

೧೯೯೧ರಲ್ಲಿ ಇದ್ದೀತು. ಬಿ.ಎ. ತರಗತಿಗೆ ಮಹಾಕಾವ್ಯದ ಅಷ್ಟಾದಶ ವರ್ಣನೆಗಳನ್ನು ಕುರಿತು ಪಾಠ ಹೇಳುತ್ತಿದ್ದೆ. ಸಮುದ್ರ, ಗಿರಿ, ಋತು, ಸೂರ್ಯೋದಯ ಇವೆಲ್ಲ ಮುಗಿದು ಚಂದ್ರೋದಯಕ್ಕೆ ಬಂದಿದ್ದೆ. ಅಂದು ನನ್ನ ನಾಲಗೆ ಚೆನ್ನಾಗಿ ಓಡುತ್ತಿತ್ತು. ಕೊನೆಯ ಬೆಂಚಿನಿಂದ ಹಳ್ಳಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಈ ಬೆಳದಿಂಗಳಾ ನೀವು ಎಂದರೆ ಅಡವ್ಯಾಗ ಕುಂತು ನೋಡೀರೇನ್ರಿ?" ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು ಹೇಳಿದೆ: "ಕಾವ್ಯದ ಬೆಳುದಿಂಗಳಿಗೆ ಅಡವಿ ಬೇಕಿಲ್ಲಪ್ಪಾ, ಸಹೃದಯನೊಬ್ಬ ಬೇಕು. ಅವನು ಹಿಂದಿನ ಬೆಂಚಿನಲ್ಲಿ ಸಿಗುವುದು ಕಷ್ಟ." ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತುಕೊಂಡ. ಆ ವರ್ಷವಿಡೀ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ನಾನು ಆಡಿದ್ದು ಸುಳ್ಳೇನೂ ಅಲ್ಲ. ಆದರೆ ಅವನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. 'ಇಲ್ಲಪ್ಪಾ, ನೋಡಿಲ್ಲ' ಎಂಬ ಎರಡು ಮಾತು ಹೇಳಲಾರದೆ ನಾನು ಮೀಮಾಂಸೆಯನ್ನು ಗುರಾಣಿಯಾಗಿ ಹಿಡಿದಿದ್ದೆ. ಧಾರವಾಡದ ಓಣಿಯಲ್ಲಿ ಬೆಳೆದವನು ನಾನು. ನನಗೆ ಗೊತ್ತಿದ್ದ ಬೆಳುದಿಂಗಳೆಂದರೆ ಮಾಳಿಗೆಯ ಮೇಲೆ ಕೈತುತ್ತು ತಿನ್ನುವಾಗಿನ ಬೆಳುದಿಂಗಳು. ಐವತ್ತೈದು ಕಿಲೋಮೀಟರಿನ ಆಚೆ ದಾಂಡೇಲಿಯ ಮಹಾರಣ್ಯವಿದ್ದರೂ ಅಲ್ಲಿ ಒಂದು ರಾತ್ರಿ ಕಳೆಯದೆ ಮೂವತ್ತು ವರ್ಷ ವನವರ್ಣನೆ ಪಾಠ ಹೇಳಿ ನಿವೃತ್ತನಾಗಿದ್ದೆ. ನಿವೃತ್ತನಿಗೆ ಸಮಯ ಹೆಚ್ಚು, ನಿದ್ರೆ ಕಡಿಮೆ. ಆ ಹುಡುಗನ ಮುಖ ಮತ್ತೆ ಮತ್ತೆ ಕಣ್ಣೆದುರು ಬರತೊಡಗಿತು.

ವಾಹನದ ಬಗ್ಗೆ ಎರಡು ಮಾತು. ಚೆಕ್ ದೇಶದ ಜಾವಾ ಗಾಡಿಯನ್ನು ನಮ್ಮಲ್ಲಿ ತಯಾರಿಸಲು ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪನೆಯಾಯಿತು. ೧೯೭೩ರಿಂದ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿತು. ನನ್ನದು ೧೯೮೬ರಲ್ಲಿ ಕೊಂಡದ್ದು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಕುಡಿಸಬೇಕು. ಗೇರು ಹಾಕುವ ಸರಳನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಒದೆಯುವ ಕಿಕ್ಕಾಗುತ್ತದೆ. ಒಂದೇ ಪದಕ್ಕೆ ಎರಡರ್ಥವಿರುವ ಶ್ಲೇಷಾಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಳೇ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು ಅದನ್ನು ಎರಡು ದಿನ ಬಿಚ್ಚಿ ಜೋಡಿಸಿ, "ಸರ್, ಗಾಡಿ ಗಟ್ಟಿ ಐತ್ರಿ. ಸವಾರರ ಬಗ್ಗೆ ಮಾತ್ರ ನಾ ಗ್ಯಾರಂಟಿ ಕೊಡೂದಿಲ್ಲ" ಎಂದು ನಗುತ್ತಾ ಕೈಗೊಪ್ಪಿಸಿದರು.

ಗ್ಯಾರಂಟಿ ಇದ್ದ ಗಾಡಿಯೇ ಮೊದಲು ನಿಂತಿತು. ಹಳಿಯಾಳ ಇನ್ನೂ ಎಂಟು ಹತ್ತು ಕಿಲೋಮೀಟರು ಇರುವಾಗ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪ್ಲಗ್ಗಿಗೆ ಮಸಿ ಕಟ್ಟಿತ್ತು. ರಸ್ತೆಯ ಬದಿಗೆ ಕುಳಿತು ಉಸುಕು ಕಾಗದದಿಂದ ಅದನ್ನು ತಿಕ್ಕುತ್ತಿದ್ದೆ. ಅಂದು ಶೀಗಿ ಹುಣ್ಣಿಮೆಯಲ್ಲವೆ? ಪಕ್ಕದ ಹೊಲದಲ್ಲಿ ಒಂದು ಕುಟುಂಬವೇ ನೆರೆದಿತ್ತು. ಭತ್ತ ಹೊಡೆ ಕಟ್ಟಿ ನಿಂತಿತ್ತು. ಬನ್ನಿಯ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳು, ಅವೇ ಪಾಂಡವರು. ಪಂಪನ ಭಾರತವನ್ನು ಎಷ್ಟೋ ವರ್ಷ ಪಾಠ ಹೇಳಿದ ನಾನು ಪಾಂಡವರನ್ನು ಇಷ್ಟು ಸಮೀಪದಿಂದ ನೋಡಿರಲಿಲ್ಲ. ಮನೆಯ ಹಿರಿಯ ಹೊಲದ ನಾಲ್ಕೂ ಬದಿಗೆ ನಡೆದು ಚರಗ ಚೆಲ್ಲಿ ಬಂದ. ಅಷ್ಟರಲ್ಲಿ ಮುದುಕಿಯೊಬ್ಬಳು ಬದುವಿನ ಮೇಲೆ ನಿಂತು ಕರೆದಳು: "ಅಣ್ಣಾರ, ಗಾಡಿ ಆಮ್ಯಾಲೆ ನೋಡೀರಂತ, ಬರ್ರಿ ಉಣ್ಣಾಕ."

ನಾನು ಸಂಕೋಚಪಟ್ಟು, ಬುತ್ತಿ ಇದೆ ಎಂದೆ. "ಭೂಮ್ತಾಯಿ ಬಸುರಿ ಅದಾಳ್ರಿ. ಇವತ್ತ ಆಕಿ ಬಯಕಿ ಊಟ. ಹೊಲದ ಹಾದ್ಯಾಗ ನಿಂತವ್ರು ಹಸದ ಹೋದ್ರ ಆಕಿ ಹೆಂಗ ಉಣ್ತಾಳ್ರಿ?" ಎಂದಳು. ಈ ತರ್ಕಕ್ಕೆ ನನ್ನಲ್ಲಿ ಖಂಡನೆಯಿರಲಿಲ್ಲ. ಕಡುಬು, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬುತ್ತಿಯನ್ನ. ನನ್ನ ಬುತ್ತಿಯನ್ನೂ ಬಿಚ್ಚಿ ಅವರ ಎಲೆಗಳಿಗೆ ಹಂಚಿದೆ. ನಾನು ಏಕಾಂತವನ್ನು ಹುಡುಕಿ ಹೊರಟಿದ್ದೆ. ಮೂವತ್ತು ಕಿಲೋಮೀಟರು ಸಾಗುವುದರೊಳಗೆ ಹದಿನಾಲ್ಕು ಜನರ ಪಂಕ್ತಿಯಲ್ಲಿ ಕುಳಿತಿದ್ದೆ. ಕಾರಿನಲ್ಲಿ ಹೋಗಿದ್ದರೆ ಆ ಬದು ನನಗೆ ಕಾಣುತ್ತಲೇ ಇರಲಿಲ್ಲ.

ಹಳಿಯಾಳ ದಾಟಿದ ಮೇಲೆ ಬಯಲು ಮೆಲ್ಲಗೆ ಕಾಡಿಗೆ ದಾರಿ ಬಿಡುತ್ತದೆ. ಮೊದಲು ಒಂದೊಂದೇ ಮತ್ತಿ, ನಂದಿ. ಆಮೇಲೆ ರಸ್ತೆಯ ಎರಡೂ ಬದಿಗೆ ಸಾಗವಾನಿಯ ಸಾಲು. ದಾಂಡೇಲಿಯಲ್ಲಿ ೧೯೫೦ರ ದಶಕದಿಂದ ಕಾಗದದ ಕಾರ್ಖಾನೆಯಿದೆ. ಒಂದು ಕಾಲಕ್ಕೆ ಈ ಸೀಮೆಯ ಬಿದಿರೇ ಅಲ್ಲಿ ಕಾಗದವಾಗುತ್ತಿತ್ತು. ನಾನು ಪಾಠ ಹೇಳಿದ ಕೆಲವು ಪುಸ್ತಕಗಳ ಹಾಳೆಯೂ ಇಲ್ಲಿಯದೇ ಇದ್ದೀತು. ಅಡವಿ ನನ್ನ ಮೇಜಿನ ತನಕ ಬಂದಿತ್ತು. ನಾನು ಮಾತ್ರ ಅಡವಿಯ ತನಕ ಬಂದಿರಲಿಲ್ಲ.

ಈ ಕಾಡಿನಲ್ಲಿ ಮನಸ್ಸಿಗೆ ಬಂದಲ್ಲಿ ಡೇರೆ ಹೂಡುವಂತಿಲ್ಲ. ೨೦೦೭ರಲ್ಲಿ ದಾಂಡೇಲಿ ಮತ್ತು ಅಣಶಿ ಅರಣ್ಯಗಳನ್ನು ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ೨೦೧೫ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರಿಟ್ಟರು. ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ ಕುಳಗಿ ಎಂಬಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಅಲ್ಲಿ ಮರಗಳ ನಡುವೆ ಒಂದು ಡೇರೆಯನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆ.

ಕತ್ತಲಾಯಿತು. ಊಟ ಮುಗಿಸಿ ಡೇರೆಯ ಬಾಗಿಲಲ್ಲಿ ಕುಳಿತು ಚಂದ್ರೋದಯಕ್ಕೆ ಕಾದೆ. ತಮ್ಮಲ್ಲಿ ಅಡವಿಯನ್ನು ಬಲ್ಲವರು ಈಗಾಗಲೇ ನಗುತ್ತಿರಬೇಕು. ದಟ್ಟವಾದ ಕಾಡಿನಲ್ಲಿ ಚಂದ್ರೋದಯ ಕಾಣುವುದಿಲ್ಲ! ದಿಗಂತವೇ ಇಲ್ಲದಲ್ಲಿ ಉದಯವೆಲ್ಲಿಯದು? ಬಹಳ ಹೊತ್ತಿನ ಮೇಲೆ ಎಲೆಗಳ ಸಂದಿಯಲ್ಲಿ ಏನೋ ಬೆಳ್ಳಗಾದಂತೆ ತೋರಿತು, ಅಷ್ಟೇ. ನಿರಾಶೆಯಿಂದ ಒಳಗೆ ಹೋಗಿ ಮಲಗಿದೆ.

ಮಲಗಿದ ಮೇಲೆ ಭಯ ಬಂತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೊರಗೆ ಯಾರೋ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬರುವ ಸದ್ದು. ನಿಲ್ಲುತ್ತದೆ, ಮತ್ತೆ ಬರುತ್ತದೆ. ದೂರದಲ್ಲಿ ಕಡವೆ ಒಮ್ಮೆ ಕೂಗಿತು. ಎದೆ ಬಡಿಯತೊಡಗಿತು. ಮಗ ಹೇಳಿದ್ದು ಸರಿಯೆನಿಸಿತು. ಮನೆಯಾಕೆಯ ಮುಖ ನೆನಪಾಯಿತು. ನನಗೇನಾದರೂ ಆದರೆ ಇವಳಿಗೆ ಯಾರು ಹೇಗೆ ಹೇಳುತ್ತಾರೆ ಎಂಬಲ್ಲಿಯವರೆಗೆ ಮನಸ್ಸು ಓಡಿತು. ತಡೆಯಲಾರದೆ ಬ್ಯಾಟರಿ ಹಚ್ಚಿಕೊಂಡು ಹೊರಗೆ ಬಂದೆ. ಅತ್ತ ಇತ್ತ ಬೆಳಕು ಬೀಸಿದೆ. ಎದುರಿಗೆ ನಿಂತದ್ದು ಹುಲಿಯಲ್ಲ, ಶಿಬಿರದ ಕಾವಲುಗಾರ.

"ಎಂತ ಸರ್, ನಿದ್ರೆ ಬರಲಿಲ್ವಾ?" ಎಂದ. ಸದ್ದಿನ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಕಿವಿಗೊಟ್ಟು ಆಲಿಸಿ, "ಅದು ಮಂಜಿನ ಹನಿ ಸರ್. ಸಾಗವಾನಿ ಎಲೆ ದೊಡ್ಡದಲ್ವಾ, ಮೇಲಿನ ಎಲೆಯಿಂದ ಕೆಳಗಿನ ಎಲೆಗೆ ಬೀಳ್ತದೆ" ಎಂದ. ನಾನು ಒಂದು ಗಂಟೆ ಹೆದರಿ ನಡುಗಿದ್ದು ಹಿಮಬಿಂದುವಿಗೆ! ಹಿಮಬಿಂದುವಿನ ಮೇಲೆ ತರಗತಿಯಲ್ಲಿ ಎಷ್ಟೊಂದು ಮಾತಾಡಿದ್ದೇನೆ. ಅದಕ್ಕೆ ಶಬ್ದವೂ ಇದೆಯೆಂದು ಗೊತ್ತಿರಲಿಲ್ಲ.

ನನ್ನ ನಾಚಿಕೆಯನ್ನು ಮರೆಸಲೆಂದು, ಚಂದ್ರನನ್ನು ನೋಡಲು ಬಂದೆ, ಇಲ್ಲಿ ಬೆಳುದಿಂಗಳೇ ಇಲ್ಲವಲ್ಲ ಎಂದೆ. ಅವನು ನನ್ನ ಕೈಯತ್ತ ನೋಡಿ ಬಲು ಮೆತ್ತಗೆ ಹೇಳಿದ: "ಬ್ಯಾಟರಿ ಬಂದ್ ಮಾಡಿ ಸರ್. ಕಾಣ್ತದೆ."

ಬಂದ್ ಮಾಡಿದೆ. ಮೊದಲು ಕುರುಡು ಕತ್ತಲೆ. ನಿಂತೇ ಇದ್ದೆವು. ಕ್ರಮೇಣ ಕಾಲ ಬುಡದ ನೆಲ ಕಾಣತೊಡಗಿತು. ಅದರ ಮೇಲೆ ಚೆಲ್ಲಿದ ನಾಣ್ಯಗಳಂತೆ ಬೆಳಕಿನ ತುಣುಕುಗಳು. ಒಂದು ಮರದ ಬೊಡ್ಡೆಯ ಅರ್ಧಭಾಗ ಮಾತ್ರ ಬೂದಿ ಬಳಿದಂತೆ ಬೆಳ್ಳಗೆ, ಉಳಿದರ್ಧ ಇಲ್ಲವೇ ಇಲ್ಲ. ಗಾಳಿ ಬೀಸಿದರೆ ನಾಣ್ಯಗಳೆಲ್ಲ ಜಾಗ ಬದಲಿಸುತ್ತವೆ. ಹನಿ ಬೀಳುವ ಎಲೆ ಕ್ಷಣಕಾಲ ಮಿಂಚಿ ಆರುತ್ತದೆ. ಅಲ್ಲಿ ಬೆಳುದಿಂಗಳು ಹಾಲಿನಂತೆ ಹರಿಯುವುದಿಲ್ಲ. ಹೊಲದಲ್ಲಿ ಚರಗ ಚೆಲ್ಲಿದಂತೆ ಅಲ್ಲಲ್ಲಿ ಬಿದ್ದಿರುತ್ತದೆ. ಉಳಿದದ್ದೆಲ್ಲ ಕತ್ತಲೆಯ ಪಾಲು. ನಾವಿಬ್ಬರೂ ಎಷ್ಟು ಹೊತ್ತು ಮಾತಿಲ್ಲದೆ ನಿಂತಿದ್ದೆವೋ ತಿಳಿಯದು. ನತ್ತಿಂಗವೊಂದು ಮರ ಕುಟ್ಟಿದಂತೆ ಕೂಗುತ್ತಿತ್ತು. ಆ ಮೇಲೆ ಒಳಗೆ ಹೋಗಿ ಮಗುವಿನಂತೆ ನಿದ್ದೆ ಮಾಡಿದೆ. ಹನಿಗಳು ಬೀಳುತ್ತಲೇ ಇದ್ದವು.

ಮರುದಿನ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆಯನ್ನು ಕಂಡೆ. ೧೦೧ ಮೀಟರು ಎತ್ತರದ ಗೋಡೆ. ಅದರ ಹಿಂದೆ ತುಂಬಿ ನಿಂತ ನೀರು. ನಾಡಿಗೆ ವಿದ್ಯುತ್ತು ಕೊಡುವ ನೀರು ಅದು. ಅದರ ಕೆಳಗೆ ಸೂಪಾ ಎಂಬ ಊರಿದೆ. ಎಂ.ಎ. ಓದುವಾಗ, ೧೯೮೧ರಲ್ಲಿ, ಗೆಳೆಯರೊಡನೆ ಬಸ್ಸಿನಲ್ಲಿ ಬಂದು ಅಲ್ಲಿಯ ಪೇಟೆಯಲ್ಲಿ ಚಹಾ ಕುಡಿದಿದ್ದೆ. ಕಾಳಿಗೆ ಪಾಂಢರಿ ಹೊಳೆ ಕೂಡುವ ಜಾಗ. ಆ ದಶಕದಲ್ಲೇ ಊರು ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಮನೆ ಕಳೆದುಕೊಂಡ ಅನೇಕರು ರಾಮನಗರದಲ್ಲಿ ನೆಲೆಸಿದರು. ನೀರನ್ನು ನೋಡುತ್ತ ನಿಂತಾಗ, ಆ ಚಹಾದ ಅಂಗಡಿ ಯಾವ ಕಡೆಗಿತ್ತೆಂದು ನೆನೆಯಲು ಯತ್ನಿಸಿದೆ, ಆಗಲಿಲ್ಲ. ಅಂದು ನಾನು ಊರಿನಲ್ಲಿದ್ದೆ, ಆದರೆ ಊರನ್ನು ನೋಡಿರಲಿಲ್ಲ. ಸ್ನೇಹಿತರೊಡನೆ ಯಾವುದೋ ಕವಿಯ ಬಗ್ಗೆ ವಾದ ಮಾಡುತ್ತಿದ್ದೆ.

ಜೋಯಿಡಾ, ಕುಂಬಾರವಾಡ, ಅಣಶಿ. ಅಲ್ಲಿಂದ ಘಟ್ಟವಿಳಿದು ಕದ್ರಾ ದಾಟಿ ಸಂಜೆಗೆ ಕಾರವಾರ ಸೇರಿದೆ. ನಮ್ಮ ಧಾರವಾಡಕ್ಕೂ ಕಾರವಾರಕ್ಕೂ ಹಳೆಯ ನಂಟು. ನಮ್ಮ ಹತ್ತಿಗೆ ಒಂದು ಬಂದರು ಬೇಕೆಂಬುದು, ೧೮೬೨ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ್ದಕ್ಕೆ ಒಂದು ಕಾರಣವಾಗಿತ್ತು. ಆದರೆ ಅಂದು ನನ್ನ ಮನಸ್ಸಿನಲ್ಲಿದ್ದುದು ಹತ್ತಿಯಲ್ಲ, ರವೀಂದ್ರನಾಥ ಠಾಕೂರರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ತಮ್ಮ ಇಲ್ಲಿಗೆ ಬಂದು, ಇದೇ ಕಾಳಿಯಲ್ಲಿ ದೋಣಿಯೇರಿ, ಬೆಳುದಿಂಗಳಿನಲ್ಲಿ ಹಿಂದಿರುಗಿದ್ದನ್ನು ಮುಂದೆ ತಮ್ಮ 'ಜೀವನಸ್ಮೃತಿ'ಯಲ್ಲಿ ಬರೆದಿದ್ದಾರೆ. ಸಂಸಾರದ ಕಟ್ಟು ಹರಿದು ಪ್ರಕೃತಿಯನ್ನೇ ಗೆದ್ದೆನೆಂದು ಬೀಗಿದ ಸಂನ್ಯಾಸಿಯನ್ನು ಒಂದು ಅನಾಥ ಹುಡುಗಿ ಮತ್ತೆ ಲೋಕದ ಕಡೆಗೆ ತಿರುಗಿಸುವ 'ಪ್ರಕೃತಿಯ ಪ್ರತಿಶೋಧ' ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲೇ. ಅದು ಪ್ರಕಟವಾದದ್ದು ೧೮೮೪ರಲ್ಲಿ.

ಆ ರಾತ್ರಿ ಹೊಳೆ ಕಡಲು ಸೇರುವಲ್ಲಿ ಮರಳಿನ ಮೇಲೆ ಕುಳಿತೆ. ಬೆನ್ನ ಹಿಂದೆ ಘಟ್ಟದ ಮೇಲೆ ಚಂದ್ರ ಎದ್ದ. ಇಲ್ಲಿ ಬೆಳುದಿಂಗಳು ನಿಜವಾಗಿಯೂ ಹಾಲಿನಂತೆಯೇ ಇತ್ತು. ಕವಿಗಳು ಸುಳ್ಳು ಹೇಳಿರಲಿಲ್ಲ. ಅವರು ತಾವು ನಿಂತ ಜಾಗದಿಂದ ಕಂಡದ್ದನ್ನು ಹೇಳಿದ್ದರು. ನಾನು ಮಾತ್ರ ಎಲ್ಲಿಯೂ ನಿಲ್ಲದೆ, ಅವರೆಲ್ಲರ ಬೆಳುದಿಂಗಳೂ ಒಂದೇ ಎಂಬಂತೆ ಹುಡುಗರಿಗೆ ಉಣಬಡಿಸಿದ್ದೆ. ಕೈಯಲ್ಲಿ ನನ್ನದೊಂದು ಬ್ಯಾಟರಿ ಸದಾ ಉರಿಯುತ್ತಿತ್ತು.

ಕೇಳುಗರೇ, ಆ ಹುಡುಗ ಈಗ ಐವತ್ತು ದಾಟಿರಬೇಕು. ಅವನ ಹೆಸರು ನನಗೆ ನೆನಪಿಲ್ಲ. ಅದೂ ನನ್ನ ತಪ್ಪಿನ ಒಂದು ಭಾಗವೇ. ಅವನು ಎಲ್ಲಿಯಾದರೂ, ಹೊಲದ ಮನೆಯಲ್ಲೋ ಅಂಗಡಿಯ ಗಲ್ಲೆಯ ಮೇಲೋ ರೇಡಿಯೋ ಹಚ್ಚಿಕೊಂಡು ಕುಳಿತಿದ್ದರೆ ಈ ಎರಡು ಮಾತು ಅವನಿಗಾಗಿ. ಅಪ್ಪಾ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅಂದು ನಾನು ನೋಡಿರಲಿಲ್ಲ. ಈಗ ನೋಡಿ ಬಂದಿದ್ದೇನೆ.