ಇನ್ಸುಲಿನ್ನಿನ ಅಣು

ಮಧುಮೇಹವು ನಮ್ಮ ಪ್ರಾಚೀನ ವೈದ್ಯರಿಗೆ ಅಪರಿಚಿತವಾದ ವ್ಯಾಧಿಯಲ್ಲ. ಮೂತ್ರದ ಮಾಧುರ್ಯವನ್ನು ಅವರು ಗುರುತಿಸಿದ್ದರು. ಆದರೆ ಎಳೆಯ ಮಕ್ಕಳಲ್ಲಿ ಅದು ತಲೆದೋರಿದರೆ, 1922ರವರೆಗೆ ಯಾವ ದೇಶದ ವೈದ್ಯನಿಂದಲೂ ಅವರನ್ನು ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಮಗುವನ್ನು ಅರೆಹೊಟ್ಟೆಯಲ್ಲಿಟ್ಟು ಮರಣವನ್ನು ಕೆಲವು ಕಾಲ ಮುಂದೂಡುತ್ತಿದ್ದರು. ಅದನ್ನು ಚಿಕಿತ್ಸೆಯೆನ್ನಲು ನಾಲಗೆ ಏಳದು.

ಆ ವರ್ಷದ ಜನವರಿಯಲ್ಲಿ, ಕೆನಡಾ ದೇಶದ ಟೊರಾಂಟೋ ನಗರದಲ್ಲಿ, ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ದನದ ಮೇದೋಜೀರಕ ಗ್ರಂಥಿಯ ಸಾರವನ್ನು ಚುಚ್ಚಿದರು. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇಂತಹ ಸಾರವನ್ನು ಮೊದಲು ನಾಯಿಗಳಲ್ಲಿ ಪರೀಕ್ಷಿಸಿದ್ದರು. ಮೊದಲ ಚುಚ್ಚುಮದ್ದಿನಿಂದ ಹೆಚ್ಚು ಫಲವಾಗಲಿಲ್ಲ. ಕಾಲಿಪ್ ಎಂಬ ವಿಜ್ಞಾನಿಯು ಸಾರವನ್ನು ಶುದ್ಧಗೊಳಿಸಿದ ಮೇಲೆ, 23ನೆಯ ತಾರೀಖಿನಿಂದ ಮತ್ತೆ ಕೊಡಲಾಗಿ, ರಕ್ತದ ಸಕ್ಕರೆ ಇಳಿಯಿತು, ಹುಡುಗನು ಚೇತರಿಸಿಕೊಂಡನು.

ಪಶುವಿನ ದ್ರವ್ಯವು ಮನುಷ್ಯನಿಗೆ ಒಗ್ಗಿದ್ದು ಹೇಗೆಂದು ತಾವು ಕೇಳಬಹುದು. ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರರು 1955ರ ವೇಳೆಗೆ ದನದ ಇನ್ಸುಲಿನ್ ಅಣುವಿನ ರಚನೆಯನ್ನು ಬಿಡಿಸಿ ತೋರಿಸಿದರು. 51 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಎರಡು ಸರಗಳು ಅದು. ಬಳಿಕ ಹೋಲಿಸಿ ನೋಡಲಾಗಿ, ಮನುಷ್ಯನದಕ್ಕೂ ದನದ್ದಕ್ಕೂ ಮೂರೇ ಮಣಿಗಳ ಭೇದ, ಹಂದಿಯದಕ್ಕೆ ಒಂದೇ! ನಾಯಿಯದಂತೂ ಹಂದಿಯದರ ಪ್ರತಿರೂಪ. ಆದುದರಿಂದ ಮಧುಮೇಹವುಳ್ಳ ನಾಯಿಗಳಿಗೆ ಹಂದಿಯ ಇನ್ಸುಲಿನ್ ಇಂದಿಗೂ ಔಷಧ.

ಇನ್ಸುಲಿನ್ ಸಸಾರಜನಕ ಜಾತಿಯದು. ನುಂಗಿದರೆ ಬೇಳೆಯಂತೆ ಜೀರ್ಣವಾಗಿ ಹೋಗುವುದರಿಂದ ಸೂಜಿಯ ಕಾಟ ತಪ್ಪಿಲ್ಲ. 1978ರಲ್ಲಿ ಮನುಷ್ಯರ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಗಳಿಂದ ಪಡೆದರು. 1982ರಲ್ಲಿ ಅದು ಔಷಧವಾಗಿ ಅಂಗೀಕೃತವಾಯಿತು. ಕಸಾಯಿಖಾನೆಯ ಹಂಗು ತಪ್ಪಿತು. ಬೆಲೆಯ ಹಂಗು ತಪ್ಪಿಲ್ಲ; ಔಷಧವಿದ್ದೂ ಅದು ಕೈಗೆಟುಕದ ಮಕ್ಕಳು ಬಡದೇಶಗಳಲ್ಲಿ ಈಗಲೂ ಇದ್ದಾರೆ.