ಶಿರ್ತಾಡಿಯ ಒಂದು ಸರ್ವೆ ನಂಬ್ರ, ಹತ್ತು ಕಂಪ್ಯೂಟರ್

ಇವತ್ತಿನ ವಿಷಯದ ಹೆಸರು ಕೇಳಿದ ಕೂಡಲೇ ಕೆಲವರು ಸ್ಕಿಪ್ ಬಟನ್ ಹುಡುಕಬಹುದು. ಹಾಗಾಗಿ ಹೆಸರನ್ನು ಆಮೇಲೆ ಹೇಳ್ತೇನೆ. ಮೊದಲು ಒಂದು ಪ್ರಶ್ನೆ. ಶಿರ್ತಾಡಿಯಲ್ಲಿ ನಿಮ್ಮ ಮನೆಯವರ ಹೆಸರಲ್ಲಿ ಎರಡು ಎಕರೆ ಜಾಗ ಉಂಟು ಅಂತ ಇಟ್ಟುಕೊಳ್ಳಿ. ಮೇಲೆ ಗುಡ್ಡೆ, ನಡುವಲ್ಲಿ ಮನೆ, ಕೆಳಗೆ ಅಡಿಕೆ ತೋಟ, ಬದಿಯಲ್ಲಿ ತೋಡು. ಆ ಜಾಗದ ಗಡಿ ಎಲ್ಲಿ ಉಂಟು?

ಅಜ್ಜನನ್ನು ಕೇಳಿದರೆ ಅಗಳು ತೋರಿಸ್ತಾರೆ. ಸರ್ವೆಯರ್ ಕೇಳಿದರೆ ಕಲ್ಲು ಹುಡುಕ್ತಾರೆ. ನಾವು ಮಾತ್ರ ಮೊಬೈಲ್ ತೆಗೆದು ದಿಶಾಂಕ್ ಆ್ಯಪ್ ಓಪನ್ ಮಾಡ್ತೇವೆ. ನಿಂತ ಜಾಗದ ಸರ್ವೆ ನಂಬ್ರ ಬರ್ತದೆ, ಸುತ್ತ ಗೆರೆ ಬರ್ತದೆ. ಮ್ಯಾಪ್ ಅಲ್ವಾ, ಸರಿಯೇ ಇರಬೇಕು ಅಂತ ನಂಬ್ತೇವೆ.

ಆ ಗೆರೆ ಕಾಗದದ ಮೇಲೆ ಒಬ್ಬರು ಎಳೆದು ಮುಗಿಸಿದ ಗೆರೆ ಅಲ್ಲ. ಅದು ಒಂದು ಡೇಟಾಬೇಸಿನಲ್ಲಿ ಕೂತಿದೆ. ಆ ಡೇಟಾಬೇಸಿಗೆ ಒಂದೇ ಹೊತ್ತಿಗೆ ಹಲವು ಜನ ಕೈ ಹಾಕ್ತಾರೆ. ಅದನ್ನು ಕೆಡದ ಹಾಗೆ ನೋಡಿಕೊಳ್ಳುವುದು, ಹಳತಾದಾಗ ಹೊಸ ವರ್ಷನ್‌ಗೆ ಏರಿಸುವುದು, ಇದೇ ಇವತ್ತಿನ ವಿಷಯ. ಹೆಸರು: ಮಲ್ಟಿಯೂಸರ್ ಜಿಐಎಸ್ ಡೇಟಾಬೇಸ್. ಹೆದರಬೇಡಿ, ಬಿ.ಕಾಂ. ಮಾಡಿದ ನನಗೆ ಅರ್ಥ ಆಗಿದೆ ಅಂದ್ರೆ ನಿಮಗೂ ಆಗ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಕರ್ನಾಟಕದಲ್ಲಿ ಪಹಣಿ, ಅಂದ್ರೆ ಆರ್‌ಟಿಸಿ, ಕಂಪ್ಯೂಟರಿಗೆ ಬಂದದ್ದು ‘ಭೂಮಿ’ ಯೋಜನೆಯಲ್ಲಿ, 2000ದ ಆಸುಪಾಸಿಗೆ. ಆದರೆ ಆರ್‌ಟಿಸಿ ಅಂದ್ರೆ ಅಕ್ಷರ ಮತ್ತು ಅಂಕಿ: ಹೆಸರು, ವಿಸ್ತೀರ್ಣ, ಸಾಲ, ಬೆಳೆ. ಜಾಗದ ಆಕಾರ ಅದರಲ್ಲಿ ಇಲ್ಲ. ಆಕಾರ ಇರುವುದು ಸರ್ವೆ ಇಲಾಖೆಯ ನಕ್ಷೆಯಲ್ಲಿ. ಆ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಗೆರೆಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ದಿಶಾಂಕ್‌ನಂಥ ಆ್ಯಪ್ ಸಾಧ್ಯ ಆಗ್ತದೆ.

ಈಗ ನಮ್ಮ ಎರಡು ಎಕರೆಗೆ ಬರುವಾ. ಅಣ್ಣ ತಮ್ಮ ಪಾಲು ಮಾಡಿಕೊಳ್ಳುವುದು ಅಂತ ತೀರ್ಮಾನ ಆಯ್ತು. ಒಂದು ಸರ್ವೆ ನಂಬ್ರದ ಒಂದು ಭಾಗವನ್ನು ಮಾತ್ರ ಮಾರುವುದಾದರೆ, ಪಾಲು ಮಾಡುವುದಾದರೆ 11ಇ ನಕ್ಷೆ ಬೇಕು. ಸರ್ವೆಯರ್ ಬಂದು ಅಳೆದು ಹೋದರು, ಆಫೀಸಿನಲ್ಲಿ ನಿಮ್ಮ ಜಾಗದ ಗೆರೆ ತಿದ್ದಲಿಕ್ಕೆ ಶುರು ಮಾಡಿದರು. ಅದೇ ವಾರ ಪಕ್ಕದ ಮನೆಯವರ ಪ್ಲಾಟಿಂಗ್ ಕೂಡ ನಡೀತಾ ಉಂಟು. ಅವರ ಫೈಲು ಇನ್ನೊಬ್ಬ ಸರ್ವೆಯರ್ ಹತ್ತಿರ. ನಡುವಿನ ಗಡಿ ಇಬ್ಬರಿಗೂ ಒಂದೇ. ಇಬ್ಬರೂ ಬೆಳಿಗ್ಗೆ ಒಂದೇ ನಕ್ಷೆ ತೆರೆದರು, ಇಬ್ಬರೂ ತಿದ್ದಿದರು. ಮೊದಲನೆಯವರು ಮೂರು ಗಂಟೆಗೆ ಸೇವ್ ಮಾಡಿದರು, ಎರಡನೆಯವರು ನಾಲ್ಕು ಗಂಟೆಗೆ. ಸಾದಾ ಫೈಲ್ ಆಗಿದ್ದರೆ ಏನಾಗ್ತದೆ? ನಾಲ್ಕು ಗಂಟೆಯದ್ದು ಉಳೀತದೆ, ಮೂರು ಗಂಟೆಯದ್ದು ಮಾಯ. ಯಾರಿಗೂ ಎರರ್ ಮೆಸೇಜ್ ಕೂಡ ಬರುವುದಿಲ್ಲ.

ಇದಕ್ಕೆ ಹಳೆಯ ಪರಿಹಾರ ಬೀಗ. ಒಬ್ಬರು ತೆರೆದರೆ ಉಳಿದವರಿಗೆ ಬಂದ್. ಬ್ಯಾಂಕಿನಲ್ಲಿ ಹಣ ವರ್ಗಾಯಿಸುವಾಗ ಇದು ನಡೀತದೆ, ಯಾಕಂದ್ರೆ ಆ ಕೆಲಸ ಕ್ಷಣದಲ್ಲಿ ಮುಗೀತದೆ. ಸರ್ವೆ ಕೆಲಸ ಹಾಗಲ್ಲ ಮಾರಾಯ್ರೆ. ಸೋಮವಾರ ತೆರೆದ ಫೈಲು ಮುಂದಿನ ಸೋಮವಾರ ಮುಗಿದರೆ ಬೇಗ. ಅಷ್ಟು ದಿನ ಇಡೀ ಗ್ರಾಮದ ನಕ್ಷೆಗೆ ಬೀಗ ಹಾಕಿ ಕೂರಲಿಕ್ಕೆ ಆಗ್ತದಾ?

ಹಾಗಾಗಿ ಇಂಥ ಡೇಟಾಬೇಸುಗಳಲ್ಲಿ ‘ವರ್ಷನಿಂಗ್’ ಅಂತ ಒಂದು ಕ್ರಮ ಉಂಟು. ಇದನ್ನು ಕಾಮರ್ಸ್ ಭಾಷೆಯಲ್ಲಿ ಹೇಳ್ತೇನೆ. ಮುಖ್ಯ ನಕ್ಷೆ ಅಂದ್ರೆ ಲೆಡ್ಜರ್. ಅದನ್ನು ಯಾರೂ ನೇರ ಮುಟ್ಟುವ ಹಾಗಿಲ್ಲ. ಪ್ರತಿಯೊಬ್ಬ ಸರ್ವೆಯರಿಗೂ ಒಂದೊಂದು ಡೇ ಬುಕ್. ‘ಇಷ್ಟು ಸೇರಿಸಿದ್ದೇನೆ, ಇಷ್ಟು ತೆಗೆದಿದ್ದೇನೆ’ ಅಂತ ಅದರಲ್ಲಿ ಬರೆದುಕೊಳ್ಳುವುದು. ಡೇಟಾಬೇಸಿನ ಒಳಗೆ ನಿಜಕ್ಕೂ ಹಾಗೆಯೇ ಎರಡು ಪಟ್ಟಿ ಇರ್ತದೆ, ಒಂದು ಸೇರಿಸಿದ್ದಕ್ಕೆ, ಒಂದು ಅಳಿಸಿದ್ದಕ್ಕೆ. ಕೆಲಸ ಮುಗಿದ ಮೇಲೆ ‘ರೀಕನ್ಸೈಲ್’ ಮಾಡಬೇಕು. ಹೌದು, ಬ್ಯಾಂಕ್ ರೀಕನ್ಸಿಲಿಯೇಶನ್ ಸ್ಟೇಟ್‌ಮೆಂಟಿನ ಅದೇ ಶಬ್ದ. ನನ್ನ ಪುಸ್ತಕಕ್ಕೂ ಮುಖ್ಯ ಪುಸ್ತಕಕ್ಕೂ ಎಲ್ಲಿ ತಾಳೆ ಆಗುವುದಿಲ್ಲ ಅಂತ ನೋಡುವುದು. ಆ ಜಂಟಿ ಗಡಿ ಇಬ್ಬರೂ ತಿದ್ದಿದ್ದಾರೆ ಅಂತ ಸಿಸ್ಟಂ ಇಲ್ಲಿ ಹೇಳ್ತದೆ. ಯಾವುದು ಸರಿ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಮನುಷ್ಯರು ಕೂತು, ಅಗತ್ಯ ಬಿದ್ದರೆ ಜಾಗಕ್ಕೆ ಹೋಗಿ ಕಲ್ಲು ನೋಡಿ ತೀರ್ಮಾನ ಮಾಡಬೇಕು. ಆಮೇಲೆ ‘ಪೋಸ್ಟ್’. ಲೆಡ್ಜರ್ ಪೋಸ್ಟಿಂಗ್‌ನ ಪೋಸ್ಟೇ.

ಇಷ್ಟಾದರೆ ಮುಗೀಲಿಲ್ಲ. ಡೇ ಬುಕ್ಕುಗಳು ಬೆಳೀತಾ ಹೋಗ್ತವೆ. ನೀವು ಮೊಬೈಲಿನಲ್ಲಿ ಒಂದು ಗೆರೆ ನೋಡಬೇಕಾದರೆ ಸಿಸ್ಟಂ ಮುಖ್ಯ ಪುಸ್ತಕ ತೆಗೆದು, ಸೇರಿಸಿದ್ದನ್ನು ಕೂಡಿ, ಅಳಿಸಿದ್ದನ್ನು ಕಳೆದು ತೋರಿಸಬೇಕು. ಮುಗಿದ ಕೆಲಸದ ವರ್ಷನುಗಳನ್ನು ಅಳಿಸದೆ, ‘ಕಂಪ್ರೆಸ್’ ಅನ್ನುವ ಶುಚಿ ಕೆಲಸ ಮಾಡದೆ ತಿಂಗಳುಗಟ್ಟಲೆ ಬಿಟ್ಟರೆ ಲೆಕ್ಕ ಉದ್ದ ಆಗ್ತದೆ, ಸ್ಕ್ರೀನಿನ ಮೇಲೆ ಚಕ್ರ ತಿರುಗ್ತಾ ಇರ್ತದೆ. ‘ಸರ್ವರ್ ಸ್ಲೋ’ ಅನ್ನುವುದಕ್ಕೆ ಕಾರಣ ಹಲವು ಇರಬಹುದು. ಅದರಲ್ಲಿ ಇದೂ ಒಂದು, ಮತ್ತು ಇದಕ್ಕೆ ಹೊಸ ಸರ್ವರ್ ಖರೀದಿ ಮಾಡಬೇಕಾಗಿಲ್ಲ. ದಿನಾ ಕಸ ಗುಡಿಸಿದರೆ ಸಾಕು.

ಈಗ ಅಪ್‌ಗ್ರೇಡ್. ಚೆನ್ನಾಗಿ ನಡೀತಾ ಇರುವುದನ್ನು ಯಾಕೆ ಮುಟ್ಟಬೇಕು ಅಂತ ಕೇಳ್ತೀರಿ. ಯಾಕಂದ್ರೆ ಸಾಫ್ಟ್‌ವೇರಿಗೂ ಎಕ್ಸ್‌ಪೈರಿ ಉಂಟು. ಪೋಸ್ಟ್‌ಗ್ರೆಸ್ಕ್ಯುಎಲ್ ಅನ್ನುವ ಉಚಿತ ಡೇಟಾಬೇಸಿನ ಪ್ರತಿ ದೊಡ್ಡ ವರ್ಷನ್ನಿಗೆ 5 ವರ್ಷ ಮಾತ್ರ ಭದ್ರತೆಯ ತಿದ್ದುಪಡಿ ಸಿಗ್ತದೆ. ಜಗತ್ತಿನ ಎಷ್ಟೋ ನಕ್ಷೆ ಆಫೀಸುಗಳಲ್ಲಿ ಬಳಸಿದ ಎಸ್ರಿ ಕಂಪನಿಯ ಆರ್ಕ್‌ಮ್ಯಾಪ್‌ಗೆ 2026ರ ಮಾರ್ಚ್ 1 ಕೊನೆಯ ದಿನ ಅಂತ ಕಂಪನಿ ಮೊದಲೇ ಹೇಳಿತ್ತು. ಆ ಮೇಲೂ ಹಳೆಯದರಲ್ಲೇ ಕೂತರೆ, ತೂತು ಬಿದ್ದಾಗ ಮುಚ್ಚುವವರು ಇರುವುದಿಲ್ಲ.

ಅಪ್‌ಗ್ರೇಡ್ ಮಾಡುವಾಗ ಮೊದಲ ಕೆಲಸ ಬ್ಯಾಕಪ್. ಎರಡನೆಯದು, ಹೆಚ್ಚಿನವರು ಬಿಡುವುದು: ಆ ಬ್ಯಾಕಪ್ ಬೇರೆ ಯಂತ್ರದಲ್ಲಿ ನಿಜಕ್ಕೂ ತೆರೀತದಾ ಅಂತ ನೋಡುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನುವ ದೊಡ್ಡ ಟೆಕ್ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಹಲವಿತ್ತು. ತೆರೆದು ನೋಡಿದರೆ ಒಂದೊಂದೂ ಕೈಕೊಟ್ಟಿತು. ಕೊನೆಗೆ ಸುಮಾರು 6 ಗಂಟೆ ಹಿಂದಿನ ಒಂದು ನಕಲು ಸಿಕ್ಕಿ ಬಚಾವಾದರು. ಆ 6 ಗಂಟೆಯ ಕೆಲಸ ಹೋಯ್ತು.

ಮೂರನೆಯದು, ಎಲ್ಲರನ್ನೂ ಹೊರಗೆ ಕಳಿಸುವುದು. ಅಂಗಡಿಯಲ್ಲಿ ಸ್ಟಾಕ್ ತೆಗೆಯುವ ದಿನ ಬಾಗಿಲು ಹಾಕುವ ಹಾಗೆ. ಇಲ್ಲಿ ನಮ್ಮ ಊರಿನ ಸಮಸ್ಯೆ ಒಂದು ಉಂಟು. ಗುಡ್ಡೆ ಬದಿಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಅಳತೆ ಮಾಡುವವರು ಟ್ಯಾಬಿನಲ್ಲಿ ಆಫ್‌ಲೈನ್ ಕೆಲಸ ಮಾಡಿರ್ತಾರೆ. ಅದು ಸಿಂಕ್ ಆಗುವ ಮೊದಲೇ ಅಪ್‌ಗ್ರೇಡ್ ಮಾಡಿದರೆ, ಮರುದಿನ ಆ ಟ್ಯಾಬ್ ಹಳೆಯ ಬಾಗಿಲು ಹುಡುಕ್ತಾ ನಿಲ್ತದೆ. ಬಾಗಿಲು ಹಾಕುವ ಮೊದಲು ಹೊರಗಿರುವವರು ಎಲ್ಲ ಒಳಗೆ ಬಂದಿದ್ದಾರಾ ಅಂತ ಲೆಕ್ಕ ಹಾಕಬೇಕು.

ನಾಲ್ಕನೆಯದು ತಾಳೆ. ಅಪ್‌ಗ್ರೇಡಿಗೆ ಮೊದಲು ಗ್ರಾಮವಾರು ಎಷ್ಟು ಜಾಗದ ತುಂಡು, ಒಟ್ಟು ವಿಸ್ತೀರ್ಣ ಎಷ್ಟು. ಆದ ಮೇಲೆ ಎಷ್ಟು. ಅಂದ್ರೆ ಟ್ರಯಲ್ ಬ್ಯಾಲೆನ್ಸ್. ಆದರೆ ಟ್ರಯಲ್ ಬ್ಯಾಲೆನ್ಸ್ ಸರಿ ಬಂದ ಮಾತ್ರಕ್ಕೆ ಲೆಕ್ಕ ಸರಿ ಅಲ್ಲ ಅಂತ ನಮಗೆ ಕಲಿಸಿದ್ದಾರೆ. ನಿಮ್ಮಿಂದ 5 ಸೆಂಟ್ಸ್ ಹೋಗಿ ಪಕ್ಕದವರಿಗೆ 5 ಸೆಂಟ್ಸ್ ಸೇರಿದರೂ ಗ್ರಾಮದ ಒಟ್ಟು ಮೊತ್ತ ಅಷ್ಟೇ ಇರ್ತದೆ. ಹಾಗಾಗಿ ಕೆಲವು ಸರ್ವೆ ಕಲ್ಲುಗಳನ್ನು ಆರಿಸಿ, ಹೊಸ ಸಿಸ್ಟಂನಲ್ಲಿ ಅವು ಇದ್ದಲ್ಲೇ ಇವೆಯಾ ಅಂತ ನೋಡಲೇಬೇಕು.

ಇನ್ನು ನಮ್ಮ ಕರಾವಳಿಯ ತೊಡಕು. ನಾವು ಜಾಗ ಹೇಳುವುದು ಎಕ್ರೆ-ಸೆಂಟ್ಸಿನಲ್ಲಿ. ಘಟ್ಟದ ಮೇಲೆ ಹೋದರೆ ಎಕರೆ-ಗುಂಟೆ. ನಾವು ಮದ್ರಾಸ್ ಪ್ರಾಂತದಲ್ಲಿ ಇದ್ದವರು, ಅದರ ಗುರುತು ಇದು. ಎಕರೆಗೆ 100 ಸೆಂಟ್ಸ್, ಆದರೆ 40 ಗುಂಟೆ. ಹಾಗಾದರೆ ಒಂದು ಕಾಲಮಿನಲ್ಲಿ ‘0.20’ ಅಂತ ಇದ್ದರೆ ಏನರ್ಥ? ಮಂಡ್ಯದಲ್ಲಿ 20 ಗುಂಟೆ, ಅಂದ್ರೆ ಅರ್ಧ ಎಕರೆ. ಶಿರ್ತಾಡಿಯಲ್ಲಿ 20 ಸೆಂಟ್ಸ್, ಅಂದ್ರೆ ಎಕರೆಯ ಐದನೇ ಒಂದು ಭಾಗ. ರಾಜ್ಯಕ್ಕೆಲ್ಲ ಒಂದೇ ಡೇಟಾಬೇಸ್ ಮಾಡುವಾಗ ಅಂಕಿಯ ಜೊತೆ ಅಳತೆಯ ಹೆಸರನ್ನೂ ಬರೆದಿಡದಿದ್ದರೆ ಯಾರದೋ ಜಾಗ ಹಿಗ್ಗುತ್ತದೆ, ಯಾರದೋ ಕುಗ್ಗುತ್ತದೆ.

ಎರಡನೇ ತೊಡಕು ವಿಳಾಸ. 2011ರ ಜನಗಣತಿ ಪಟ್ಟಿಯಲ್ಲಿ ಶಿರ್ತಾಡಿ ಮಂಗಳೂರು ತಾಲೂಕಿನ ಗ್ರಾಮ. ಆಮೇಲೆ ಮೂಡುಬಿದಿರೆ ಬೇರೆ ತಾಲೂಕಾಯ್ತು. ಗುಡ್ಡೆ ಸರಿಯಲಿಲ್ಲ, ತೋಡು ಸರಿಯಲಿಲ್ಲ, ತಾಲೂಕು ಮಾತ್ರ ಬದಲಾಯ್ತು. ಹಳೆಯ ಕ್ರಯಪತ್ರದಲ್ಲಿ ಮಂಗಳೂರು ತಾಲೂಕು, ಹೊಸ ಆರ್‌ಟಿಸಿಯಲ್ಲಿ ಮೂಡುಬಿದಿರೆ. ಅದರಲ್ಲೂ ಒಬ್ಬರು ಮೂಡಬಿದ್ರಿ ಅಂತ ಬರೀತಾರೆ, ಇನ್ನೊಬ್ಬರು ಮೂಡುಬಿದಿರೆ. ಡೇಟಾಬೇಸ್ ಹೆಸರು ನೋಡಿ ಜಾಗ ಗುರುತಿಸಿದರೆ ಇಂಥಲ್ಲಿ ಕೊಂಡಿ ಕಳಚ್ತದೆ. ಅದಕ್ಕೇ ಪ್ರತಿ ಗ್ರಾಮಕ್ಕೆ ಒಂದು ಕೋಡ್ ಇರಬೇಕು, ತಾಲೂಕು ಬದಲಾದರೂ ಅದು ಬದಲಾಗಬಾರದು. ಕೇಂದ್ರ ಸರ್ಕಾರ ಈಗ ಪ್ರತಿ ಜಾಗದ ತುಂಡಿಗೂ 14 ಅಕ್ಷರ-ಅಂಕಿಗಳ ‘ಭೂ ಆಧಾರ್’ ಕೊಡ್ತಾ ಇರುವುದು ಇದೇ ಯೋಚನೆಯಿಂದ.

ಒಳ್ಳೆಯ ನಿರ್ವಹಣೆ ಕಣ್ಣಿಗೆ ಕಾಣುವುದಿಲ್ಲ. ನಿಂತಾಗ ಮಾತ್ರ ಕಾಣ್ತದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ಸೈಬರ್ ದಾಳಿ ಆಗಿ ಸಬ್ ರಿಜಿಸ್ಟ್ರಾರ್ ಆಫೀಸುಗಳಲ್ಲಿ ಜನ ಕಾದು ಕೂತದ್ದು ನೆನಪಿರಬಹುದು. ಅದು ದಾಳಿ, ಅಪ್‌ಗ್ರೇಡ್ ಅಲ್ಲ. ಆದರೆ ಸರ್ವರ್ ಯಾವ ಕಾರಣಕ್ಕೆ ನಿಂತರೂ ಕಾಯುವವರಿಗೆ ಒಂದೇ. ಮದುವೆ ಖರ್ಚಿಗೆ ಅಂತ 10 ಸೆಂಟ್ಸ್ ಮಾರಲು ಹೊರಟವರಿಗೆ, ಬ್ಯಾಂಕಿನ ಕಂತು ಕಟ್ಟಬೇಕಾದವರಿಗೆ ಒಂದು ವಾರ ಅಂದ್ರೆ ದೊಡ್ಡ ವಿಷಯ. ಹಾಗಾಗಿ ಅಪ್‌ಗ್ರೇಡ್ ಇದ್ದರೆ ಮೊದಲೇ ದಿನ ಹೇಳುವುದು, ರಾತ್ರಿ ಅಥವಾ ರಜೆಯಲ್ಲಿ ಮಾಡುವುದು, ಕೆಟ್ಟರೆ ಹಿಂದಕ್ಕೆ ಬರುವ ದಾರಿ ಇಟ್ಟುಕೊಳ್ಳುವುದು, ಇವೂ ಟೆಕ್ನಿಕಲ್ ಕೆಲಸದ ಭಾಗವೇ.

ಕೊನೆಗೆ, ನಾವು ಎಂತ ಮಾಡಬಹುದು? ಒಂದು, ದಿಶಾಂಕ್ ನೋಡಿ ಬೇಲಿ ಹಾಕಬೇಡಿ. ಮೊಬೈಲಿನ ಜಿಪಿಎಸ್ ಬಯಲಲ್ಲಿ ನಿಂತರೂ ಸುಮಾರು 5 ಮೀಟರ್ ಆಚೆ ಈಚೆ ಆಗ್ತದೆ, ಅಡಿಕೆ ತೋಟದ ಒಳಗೆ ಇನ್ನೂ ಜಾಸ್ತಿ. 100 ಮೀಟರ್ ಉದ್ದದ ಗಡಿಯಲ್ಲಿ 5 ಮೀಟರ್ ತಪ್ಪಿದರೆ 500 ಚದರ ಮೀಟರ್. ಒಂದು ಸೆಂಟ್ಸ್ ಅಂದ್ರೆ 40 ಚದರ ಮೀಟರ್ ಚಿಲ್ಲರೆ. ಅಲ್ಲಿಗೆ 12 ಸೆಂಟ್ಸ್. ಒಂದು ಮನೆ ಕಟ್ಟುವಷ್ಟು ಜಾಗ, ಎರಡು ಮನೆಯ ಮಾತು ಬಿಡುವಷ್ಟು ಜಗಳ. ಗಡಿ ಬೇಕಾದರೆ ಸರ್ವೆಗೆ ಅರ್ಜಿ ಹಾಕಿ ಅಳೆಸಿ.

ಎರಡು, ನಿಮ್ಮ ಆರ್‌ಟಿಸಿಯ ವಿಸ್ತೀರ್ಣ ಮತ್ತು ಸರ್ವೆ ನಕ್ಷೆ ಎರಡನ್ನೂ ಈಗಲೇ ತೆಗೆದು ಒಟ್ಟಿಗೆ ಇಟ್ಟುಕೊಳ್ಳಿ, ದಿನಾಂಕದ ಸಮೇತ. ಮುಂದೆ ಸಿಸ್ಟಂ ಬದಲಾಗಿ ಅಂಕಿ ಬೇರೆ ಬಂದರೆ, ‘ಮೊದಲು ಹೀಗಿತ್ತು’ ಅಂತ ತೋರಿಸಲಿಕ್ಕೆ ಅದೇ ನಿಮ್ಮ ಬ್ಯಾಕಪ್. ಎರಡಕ್ಕೂ ತಾಳೆ ಇಲ್ಲದಿದ್ದರೆ ಜಗಳ ಬರುವ ಮೊದಲೇ, ಮನೆಯ ಹಿರಿಯರು ಇರುವಾಗಲೇ ತಿದ್ದುಪಡಿಗೆ ಅರ್ಜಿ ಕೊಡಿ. ಯಾವ ಅಗಳು ಯಾರದ್ದು, ಯಾವ ಕಲ್ಲು ಎಲ್ಲಿ ಹೂತು ಹೋಗಿದೆ ಅಂತ ಗೊತ್ತಿರುವುದು ಅವರಿಗೆ. ಅದು ಯಾವ ಸರ್ವರಿನಲ್ಲೂ ಇನ್ನೂ ಹತ್ತಿಲ್ಲ.

ಇವತ್ತಿಗೆ ಇಷ್ಟು. ಜಾಗದ ಕಾಗದ ನೋಡುವ ಕೆಲಸ ‘ಅಪ್ಪ ನೋಡ್ತಾರೆ’ ಅಂತ ಬಿಟ್ಟವರು ನಿಮ್ಮ ಗ್ಯಾಂಗಿನಲ್ಲಿ ಇದ್ದರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗುವಾ. ನಮಸ್ಕಾರ.